ಹಳೆಯ ಕೋರಿಕೆಯ ವೇರಿಯಬಲ್‌ಗಳು: ನಿರಂತರ ವೆಬ್ ಸರ್ವರ್ ಸ್ಕ್ರಿಪ್ಟ್‌ಗಳಲ್ಲಿ ದೋಷಪತ್ತೆ

ವೆಬ್ ಸರ್ವರಿನಲ್ಲಿ ಒಂದು ಕೋರಿಕೆಗೆಂದು ತುಂಬಿದ ಮೌಲ್ಯವು ಆ ಕೋರಿಕೆ ಮುಗಿದ ಮೇಲೂ ಮೆಮೊರಿಯಲ್ಲಿ ಉಳಿದು, ಅದೇ ಪ್ರೋಸೆಸ್ ಮುಂದೆ ನಿಭಾಯಿಸುವ ಬೇರೊಂದು ಕೋರಿಕೆಯ ಉತ್ತರದಲ್ಲಿ ಕಾಣಿಸಿಕೊಳ್ಳುವ ದೋಷವೇ ಈ ಲೇಖನದ ವಿಷಯ. ಸ್ಕ್ರಿಪ್ಟನ್ನು ಒಮ್ಮೆ ಮಾತ್ರ ಕಂಪೈಲ್ ಮಾಡಿ ಸಾವಿರಾರು ಕೋರಿಕೆಗಳಿಗೆ ಬಳಸುವ ಎಲ್ಲ ವ್ಯವಸ್ಥೆಗಳಲ್ಲೂ ಇದಕ್ಕೆ ಅವಕಾಶವಿದೆ. ಪರ್ಲ್ ಭಾಷೆಯ ಮಾಡ್‌ಪರ್ಲ್ ಮತ್ತು ಫಾಸ್ಟ್‌ಸಿಜಿಐ, ಜಾವಾ ಸರ್ವ್‌ಲೆಟ್, ಪೈಥಾನ್, ರೂಬಿ ಮತ್ತು ನೋಡ್‌ಜೆಎಸ್ ಸರ್ವರ್‌ಗಳು ಇದರ ಸಾಮಾನ್ಯ ನೆಲೆಗಳು. ಪ್ರೋಸೆಸ್‌ನ ಆಯುಷ್ಯ ದೊಡ್ಡದು, ಕೋರಿಕೆಯ ಆಯುಷ್ಯ ಚಿಕ್ಕದು. ಕೋರಿಕೆಗೆ ಸೇರಿದ ಮೌಲ್ಯವನ್ನು ಪ್ರೋಸೆಸ್‌ನಷ್ಟು ಕಾಲ ಬದುಕುವ ಜಾಗದಲ್ಲಿ ಇಟ್ಟಾಗ ಈ ದೋಷ ಹುಟ್ಟುತ್ತದೆ. ಆದ್ದರಿಂದ ಇದನ್ನು ಪತ್ತೆಹಚ್ಚುವ ಕೆಲಸವೆಂದರೆ ಪ್ರತಿಯೊಂದು ವೇರಿಯಬಲ್ಲಿನ ಆಯುಷ್ಯವನ್ನು ವಿಚಾರಿಸುವ ಕೆಲಸ.

ಹಿನ್ನೆಲೆ

1993ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಎನ್‌ಸಿಎಸ್‌ಎ ಕೇಂದ್ರದ ವೆಬ್ ಸರ್ವರಿನ ಜೊತೆ ಬಳಕೆಗೆ ಬಂದ ಸಿಜಿಐ ವಿಧಾನದಲ್ಲಿ ಈ ಸಮಸ್ಯೆ ಇರಲಿಲ್ಲ. ಪ್ರತಿ ಕೋರಿಕೆಗೂ ಸರ್ವರ್ ಹೊಸದೊಂದು ಪ್ರೋಸೆಸ್ ಹುಟ್ಟಿಸುತ್ತಿತ್ತು. ಫಾರ್ಮಿನಲ್ಲಿ ತುಂಬಿದ ವಿವರಗಳು ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳ ಮೂಲಕವೋ ಸ್ಟ್ಯಾಂಡರ್ಡ್ ಇನ್‌ಪುಟ್ ಮೂಲಕವೋ ಅದಕ್ಕೆ ತಲುಪುತ್ತಿದ್ದವು. ಉತ್ತರ ಬರೆದಾದ ಮೇಲೆ ಪ್ರೋಸೆಸ್ ಸಾಯುತ್ತಿತ್ತು, ಅದರ ಮೆಮೊರಿಯೆಲ್ಲ ಆಪರೇಟಿಂಗ್ ಸಿಸ್ಟಮ್‌ಗೆ ಮರಳುತ್ತಿತ್ತು. ಸ್ಕ್ರಿಪ್ಟ್ ಬರೆದವರು ಗ್ಲೋಬಲ್ ವೇರಿಯಬಲ್‌ಗಳನ್ನು ಎಷ್ಟು ಸಡಿಲವಾಗಿ ಬಳಸಿದರೂ ಆ ಸಾವು ಎಲ್ಲವನ್ನೂ ಶುಚಿ ಮಾಡುತ್ತಿತ್ತು.

ಈ ಶುಚಿತ್ವಕ್ಕೆ ತೆರಬೇಕಾಗಿದ್ದ ಬೆಲೆ ವೇಗ. ಪ್ರತಿ ಸಲವೂ ಪರ್ಲ್ ಇಂಟರ್‌ಪ್ರಿಟರನ್ನು ಎಬ್ಬಿಸಿ, ಮಾಡ್ಯೂಲ್‌ಗಳನ್ನು ಓದಿ, ಕಂಪೈಲ್ ಮಾಡಿ, ಡೇಟಾಬೇಸಿಗೆ ಸಂಪರ್ಕ ತೆರೆಯಬೇಕಿತ್ತು. ದಟ್ಟಣೆ ಹೆಚ್ಚಿದ ತಾಣಗಳಿಗೆ ಇದು ಹೊರೆಯಾಯಿತು. 1990ರ ದಶಕದ ನಡುವಿನಲ್ಲಿ ಎರಡು ಪರಿಹಾರಗಳು ಬಂದವು. ಓಪನ್ ಮಾರ್ಕೆಟ್ ಸಂಸ್ಥೆ ರೂಪಿಸಿದ ಫಾಸ್ಟ್‌ಸಿಜಿಐಯಲ್ಲಿ ಸ್ಕ್ರಿಪ್ಟ್ ಪ್ರತ್ಯೇಕ ಪ್ರೋಸೆಸ್ ಆಗಿ ಬದುಕಿದ್ದು, ಒಂದು ಲೂಪಿನೊಳಗೆ ಕೋರಿಕೆಗಳನ್ನು ಒಂದಾದ ಮೇಲೊಂದರಂತೆ ಸ್ವೀಕರಿಸುತ್ತದೆ. ಡಗ್ ಮ್ಯಾಕೀಚರ್ನ್ ಬೆಳೆಸಿದ ಮಾಡ್‌ಪರ್ಲ್ ಪರ್ಲ್ ಇಂಟರ್‌ಪ್ರಿಟರನ್ನೇ ಅಪಾಚೆ ಸರ್ವರಿನ ಒಳಗೆ ಕೂರಿಸಿತು. ವೇಗ ಬಹಳ ಹೆಚ್ಚಿತು. ಅದರೊಂದಿಗೆ, ಅದುವರೆಗೆ ಸರಿಯಾಗಿ ನಡೆಯುತ್ತಿದ್ದ ಸ್ಕ್ರಿಪ್ಟ್‌ಗಳು ಒಬ್ಬರ ಮಾಹಿತಿಯನ್ನು ಇನ್ನೊಬ್ಬರಿಗೆ ತೋರಿಸತೊಡಗಿದವು. ಊಟದ ಪಂಕ್ತಿಯಲ್ಲಿ ಹಿಂದಿನವರ ಎಲೆ ತೆಗೆಯದೆ ಮುಂದಿನವರನ್ನು ಕೂರಿಸಿದಂತಹ ಸ್ಥಿತಿ ಇದು.

ಮಾಡ್‌ಪರ್ಲ್‌ನಲ್ಲಿ ದೋಷ ಹುಟ್ಟುವ ಬಗೆ

ಹಳೆಯ ಸಿಜಿಐ ಸ್ಕ್ರಿಪ್ಟ್‌ಗಳನ್ನು ತಿದ್ದದೆ ಓಡಿಸಲು ಮಾಡ್‌ಪರ್ಲ್ ‘ರಿಜಿಸ್ಟ್ರಿ’ ಎಂಬ ಮಾಡ್ಯೂಲನ್ನು ಒದಗಿಸುತ್ತದೆ. ಮೊದಲನೆಯ ಆವೃತ್ತಿಯಲ್ಲಿ ಇದರ ಹೆಸರು ಅಪಾಚೆ-ರಿಜಿಸ್ಟ್ರಿ, ಎರಡನೆಯದರಲ್ಲಿ ಮಾಡ್‌ಪರ್ಲ್-ರಿಜಿಸ್ಟ್ರಿ. ಇದು ಸ್ಕ್ರಿಪ್ಟ್ ಫೈಲನ್ನು ಓದಿ, ಅದರ ಇಡೀ ಪಠ್ಯವನ್ನು ‘ಹ್ಯಾಂಡ್ಲರ್’ ಎಂಬ ಒಂದು ಸಬ್‌ರೂಟೀನಿನ ಒಳಗೆ ಸುತ್ತಿ ಕಂಪೈಲ್ ಮಾಡುತ್ತದೆ. ಪ್ರತಿ ಕೋರಿಕೆ ಬಂದಾಗಲೂ ಆ ಹ್ಯಾಂಡ್ಲರನ್ನು ಕರೆಯುತ್ತದೆ. ದೋಷದ ಬೇರು ಇರುವುದು ಈ ಸುತ್ತುವಿಕೆಯಲ್ಲಿ.

ವಿದ್ಯಾರ್ಥಿಯ ನೋಂದಣಿ ಸಂಖ್ಯೆ ಪಡೆದು ಫಲಿತಾಂಶ ತೋರಿಸುವ ಒಂದು ಸ್ಕ್ರಿಪ್ಟನ್ನು ಉದಾಹರಣೆಗೆ ಇಟ್ಟುಕೊಳ್ಳಬಹುದು. ಅದರ ಮೊದಲ ಸಾಲುಗಳಲ್ಲಿ ‘ಮೈ’ ಎಂಬ ಕೀವರ್ಡ್ ಬಳಸಿ ಸಂಖ್ಯೆಗೊಂದು ಲೆಕ್ಸಿಕಲ್ ವೇರಿಯಬಲ್ ಘೋಷಿಸಿ, ಫಾರ್ಮಿನಿಂದ ಬಂದ ಮೌಲ್ಯವನ್ನು ಅದರಲ್ಲಿ ತುಂಬಲಾಗಿದೆ. ಕೆಳಗೆ ‘ತೋರಿಸು’ ಎಂಬ ಹೆಸರಿನ ಸಬ್‌ರೂಟೀನ್ ಇದ್ದು, ಅದು ಆ ವೇರಿಯಬಲನ್ನು ಆರ್ಗ್ಯುಮೆಂಟ್ ಆಗಿ ಪಡೆಯದೆ ನೇರವಾಗಿ ಓದುತ್ತದೆ. ಸಿಜಿಐಯಲ್ಲಿ ಇದು ನಿರ್ದೋಷ. ರಿಜಿಸ್ಟ್ರಿಯಲ್ಲಿ ಮಾತ್ರ ‘ತೋರಿಸು’ ಈಗ ಹ್ಯಾಂಡ್ಲರಿನ ಹೊಟ್ಟೆಯೊಳಗಿನ ಸಬ್‌ರೂಟೀನ್. ಪರ್ಲ್‌ನಲ್ಲಿ ಹೆಸರುಳ್ಳ ಸಬ್‌ರೂಟೀನ್ ಕಂಪೈಲ್ ಆಗುವುದು ಒಂದೇ ಸಲ. ಹೊರಗಿನ ಲೆಕ್ಸಿಕಲ್ ವೇರಿಯಬಲ್ಲಿನ ಮೊದಲ ಪ್ರತಿಯನ್ನು ಅದು ಆಗಲೇ ಹಿಡಿದಿಟ್ಟುಕೊಳ್ಳುತ್ತದೆ. ಮೊದಲ ಕೋರಿಕೆಯಲ್ಲಿ ಹೊರಗಿನದೂ ಒಳಗಿನದೂ ಒಂದೇ ಪ್ರತಿಯಾದ್ದರಿಂದ ಉತ್ತರ ಸರಿಯಾಗಿರುತ್ತದೆ. ಎರಡನೆಯ ಕೋರಿಕೆಯಲ್ಲಿ ಹ್ಯಾಂಡ್ಲರ್ ಹೊಸ ಪ್ರತಿ ಸೃಷ್ಟಿಸಿ ಹೊಸ ಸಂಖ್ಯೆ ತುಂಬುತ್ತದೆ, ‘ತೋರಿಸು’ ಹಳೆಯ ಪ್ರತಿಯನ್ನೇ ನೋಡುತ್ತಿರುತ್ತದೆ. ಆ ಪ್ರೋಸೆಸ್‌ಗೆ ಬಂದ ಮೊದಲ ವಿದ್ಯಾರ್ಥಿಯ ಫಲಿತಾಂಶವೇ ಎಲ್ಲರಿಗೂ ಕಾಣುತ್ತದೆ.

ಇದಲ್ಲದೆ ಪರ್ಲ್‌ನಲ್ಲಿ ಇನ್ನೂ ಕೆಲವು ದಾರಿಗಳಿವೆ. ಪ್ಯಾಕೇಜ್ ಗ್ಲೋಬಲ್‌ಗೆ ಷರತ್ತಿನ ಮೇಲೆ ಮಾತ್ರ ಮೌಲ್ಯ ಕೊಟ್ಟಿದ್ದರೆ, ಷರತ್ತು ಸುಳ್ಳಾದ ಮುಂದಿನ ಕೋರಿಕೆಯಲ್ಲಿ ಹಿಂದಿನ ಮೌಲ್ಯ ಉಳಿದಿರುತ್ತದೆ. ಪಾಸ್‌ವರ್ಡ್ ಸರಿಯಿದ್ದರೆ ‘ಆಡಳಿತಗಾರ’ ಎಂಬ ಗುರುತನ್ನು ಒಂದಕ್ಕೆ ಏರಿಸಿ, ಇಲ್ಲದಿದ್ದರೆ ಸುಮ್ಮನಿರುವ ಸಾಲು ಇದರ ಅತ್ಯಂತ ಅಪಾಯಕಾರಿ ರೂಪ. ಆಡಳಿತಗಾರರ ನಂತರ ಅದೇ ಪ್ರೋಸೆಸ್‌ಗೆ ಬಂದವರಿಗೆಲ್ಲ ಅವರ ಅಧಿಕಾರ ದಕ್ಕುತ್ತದೆ. ರೆಗ್ಯುಲರ್ ಎಕ್ಸ್‌ಪ್ರೆಶನ್‌ಗೆ ‘ಓ’ ಎಂಬ ಮಾಡಿಫೈಯರ್ ಹಾಕಿದರೆ ವಿನ್ಯಾಸ ಒಮ್ಮೆ ಮಾತ್ರ ಕಂಪೈಲ್ ಆಗುತ್ತದೆ. ಹುಡುಕು ಪದ ವೇರಿಯಬಲ್ಲಿನಿಂದ ಬರುವುದಾದರೆ ಮೊದಲ ಬಳಕೆದಾರರ ಪದವೇ ಮುಂದಿನವರಿಗೂ ಹುಡುಕಲ್ಪಡುತ್ತದೆ. ‘ಬಿಗಿನ್’ ಬ್ಲಾಕಿನಲ್ಲಿರುವ ಕೋಡ್ ಕಂಪೈಲ್ ಸಮಯದಲ್ಲಿ ಒಮ್ಮೆ ಓಡಿ ಮುಗಿಯುತ್ತದೆ; ಪ್ರತಿ ಕೋರಿಕೆಗೂ ಆರಂಭಿಕ ಮೌಲ್ಯ ಕೊಡಲು ಅದನ್ನು ನಂಬಲಾಗದು. ಲಿಂಕನ್ ಸ್ಟೈನ್ ಬರೆದ ಸಿಜಿಐ-ಪಿಎಂ ಮಾಡ್ಯೂಲ್ ಮಾಡ್‌ಪರ್ಲ್ ಅನ್ನು ಗುರುತಿಸಿ ತನ್ನ ಒಳಗಿನ ಸ್ಥಿತಿಯನ್ನು ತಾನೇ ತೊಳೆದುಕೊಳ್ಳುತ್ತದೆ. ಕೈಯಾರೆ ಬರೆದ ಫಾಸ್ಟ್‌ಸಿಜಿಐ ಲೂಪಿನಲ್ಲಾದರೆ ಅದರ ಗ್ಲೋಬಲ್‌ಗಳನ್ನು ಪ್ರತಿ ಸುತ್ತಿನಲ್ಲೂ ಮರುಹೊಂದಿಸಬೇಕು, ಅಥವಾ ಅದಕ್ಕೆಂದೇ ಇರುವ ಸಿಜಿಐ-ಫಾಸ್ಟ್ ಮಾಡ್ಯೂಲ್ ಬಳಸಬೇಕು.

ಲಕ್ಷಣಗಳು

ಈ ದೋಷ ಮೇಲ್ನೋಟಕ್ಕೆ ಲೆಕ್ಕವಿಲ್ಲದೆ ಬಂದುಹೋಗುವಂತೆ ತೋರುತ್ತದೆ. ಅಪಾಚೆ ಹಲವು ಮಕ್ಕಳ ಪ್ರೋಸೆಸ್‌ಗಳನ್ನು ಇಟ್ಟುಕೊಂಡಿರುತ್ತದೆ, ಪ್ರತಿಯೊಂದಕ್ಕೂ ತನ್ನದೇ ಮೆಮೊರಿ ಇರುತ್ತದೆ. ಒಂದು ಪ್ರೋಸೆಸ್‌ನಲ್ಲಿ ಮೊದಲು ಬಂದವರ ಮೌಲ್ಯ ಕೂತಿದ್ದರೆ, ಇನ್ನೊಂದರಲ್ಲಿ ಬೇರೊಬ್ಬರದು ಕೂತಿರುತ್ತದೆ. ಪುಟವನ್ನು ಮತ್ತೆ ಮತ್ತೆ ರಿಫ್ರೆಶ್ ಮಾಡಿದಾಗ ಯಾವ ಪ್ರೋಸೆಸ್ ಉತ್ತರಿಸಿತೋ ಅದರ ಹಳೆಯ ಮೌಲ್ಯ ಕಾಣುತ್ತದೆ, ಕೆಲವೊಮ್ಮೆ ಸರಿಯುತ್ತರವೂ ಬರುತ್ತದೆ.

ಗಮನಿಸಿ ನೋಡಿದರೆ ಒಂದು ಕ್ರಮ ಹೊರಬೀಳುತ್ತದೆ. ಸರ್ವರನ್ನು ಮರುಪ್ರಾರಂಭಿಸಿದ ಕೂಡಲೇ ಎಲ್ಲವೂ ಸರಿಯಾಗಿರುತ್ತದೆ, ಸ್ವಲ್ಪ ಹೊತ್ತಿನ ಮೇಲೆ ಕೆಡುತ್ತದೆ. ಯಾವುದೇ ಪ್ರೋಸೆಸ್‌ನ ಮೊದಲ ಕೋರಿಕೆ ಎಂದೂ ತಪ್ಪಾಗುವುದಿಲ್ಲ. ಕಮಾಂಡ್ ಲೈನಿನಲ್ಲಿ ಓಡಿಸಿದರೆ ದೋಷವೇ ಇಲ್ಲ. ಒಂದರಿಂದ ಎಣಿಸಬೇಕಾದ ಕೌಂಟರ್ ಎರಡನೆಯ ಸಲ ಹಿಂದೆ ನಿಂತಲ್ಲಿಂದ ಶುರುವಾಗುತ್ತದೆ. ಖಾಲಿ ಬಿಟ್ಟ ಫೀಲ್ಡಿನಲ್ಲಿ ಯಾರೋ ತುಂಬಿದ ವಿಳಾಸ ಕೂತಿರುತ್ತದೆ. ಇವುಗಳಲ್ಲಿ ಎರಡು ಮೂರು ಲಕ್ಷಣ ಒಟ್ಟಿಗೆ ಕಂಡರೆ ತನಿಖೆ ಹಳೆಯ ಮೌಲ್ಯದ ಕಡೆಗೇ ಹೊರಳಬೇಕು.

ಕ್ಯಾಶ್‌ನಿಂದ ಬರುವ ತೊಂದರೆಯೂ ಹೀಗೆಯೇ ಕಾಣುತ್ತದೆ. 2015ರ ಡಿಸೆಂಬರ್ 25ರಂದು ಸ್ಟೀಮ್ ಆಟಗಳ ಅಂಗಡಿಯಲ್ಲಿ ಸುಮಾರು 34,000 ಬಳಕೆದಾರರ ವಿವರವಿದ್ದ ಪುಟಗಳು ಬೇರೆಯವರಿಗೆ ತೋರಿರಬಹುದೆಂದು ಅದರ ಒಡೆತನದ ವಾಲ್ವ್ ಸಂಸ್ಥೆ ತಿಳಿಸಿತು. ಅಲ್ಲಿ ಕಾರಣವಾಗಿದ್ದು ಸರ್ವರಿನ ಮುಂದಿದ್ದ ಕ್ಯಾಶ್ ವ್ಯವಸ್ಥೆಯ ಸಂರಚನೆ. ಎರಡನ್ನೂ ಬೇರ್ಪಡಿಸಲು ಸರ್ವರಿನ ಲಾಗ್ ನೋಡಬೇಕು. ತಪ್ಪು ಪುಟ ಹೋದ ಕ್ಷಣದಲ್ಲಿ ಕೋರಿಕೆ ಸ್ಕ್ರಿಪ್ಟಿನವರೆಗೆ ತಲುಪಿಯೇ ಇಲ್ಲದಿದ್ದರೆ ತಪ್ಪು ಕ್ಯಾಶ್‌ನದು. ತಲುಪಿ, ಅಲ್ಲಿಂದಲೇ ತಪ್ಪು ಉತ್ತರ ಹೊರಟಿದ್ದರೆ ಸ್ಕ್ರಿಪ್ಟಿನ ಒಳಗೆ ಹುಡುಕಬೇಕು.

ಪತ್ತೆ ಕ್ರಮ

ಮೊದಲ ಕೆಲಸ ದೋಷವನ್ನು ಕರೆದಾಗ ಬರುವಂತೆ ಮಾಡುವುದು. ಅಪಾಚೆಯನ್ನು ದೊಡ್ಡ ‘ಎಕ್ಸ್’ ಆಯ್ಕೆಯೊಂದಿಗೆ ಪ್ರಾರಂಭಿಸಿದರೆ ಅದು ಮಕ್ಕಳನ್ನು ಹುಟ್ಟಿಸದೆ ಒಂದೇ ಪ್ರೋಸೆಸ್ ಆಗಿ ಓಡುತ್ತದೆ. ಬೇರೆ ಸರ್ವರ್‌ಗಳಲ್ಲಿ ವರ್ಕರ್‌ಗಳ ಸಂಖ್ಯೆಯನ್ನು ಒಂದಕ್ಕೆ ಇಳಿಸಬೇಕು. ಆಗ ಎಲ್ಲ ಕೋರಿಕೆಗಳೂ ಒಂದೇ ಮೆಮೊರಿಯನ್ನು ಮುಟ್ಟುತ್ತವೆ, ಅನಿಶ್ಚಿತವಾಗಿ ತೋರುತ್ತಿದ್ದ ದೋಷ ಎರಡನೆಯ ಕೋರಿಕೆಗೇ ಖಚಿತವಾಗಿ ಎದುರಾಗುತ್ತದೆ.

ಎರಡನೆಯದು ಕೋರಿಕೆಗಳ ಜೋಡಿ. ಮೊದಲ ಕೋರಿಕೆಯಲ್ಲಿ ಎಲ್ಲ ಫೀಲ್ಡುಗಳಿಗೂ ಬೇರೆಲ್ಲೂ ಇರಲಾರದ ವಿಶಿಷ್ಟ ಗುರುತುಗಳನ್ನು ತುಂಬಬೇಕು. ಎರಡನೆಯದರಲ್ಲಿ ಫೀಲ್ಡುಗಳನ್ನು ಖಾಲಿ ಬಿಡಬೇಕು, ಇಲ್ಲವೇ ಕಳುಹಿಸಲೇಬಾರದು. ಎರಡನೆಯ ಉತ್ತರದಲ್ಲಿ ಮೊದಲ ಗುರುತು ಎಲ್ಲಿಯಾದರೂ ಕಂಡರೆ ಸೋರಿಕೆ ಸಾಬೀತಾಗುತ್ತದೆ, ಯಾವ ಗುರುತು ಕಂಡಿತು ಎಂಬುದು ತಪ್ಪಿತಸ್ಥ ವೇರಿಯಬಲನ್ನು ತೋರಿಸುತ್ತದೆ. ಬ್ರೌಸರಿನ ಬದಲು ಕರ್ಲ್‌ನಂತಹ ಕಮಾಂಡ್ ಲೈನ್ ಉಪಕರಣ ಬಳಸಿದರೆ ಬ್ರೌಸರ್ ಕ್ಯಾಶ್‌ನ ಸಂಶಯವೂ ಕಳೆಯುತ್ತದೆ.

ಮೂರನೆಯದು ಲಾಗ್. ಪ್ರತಿ ಸಾಲಿನಲ್ಲೂ ಪ್ರೋಸೆಸ್ ಸಂಖ್ಯೆ, ಥ್ರೆಡ್ ಸಂಖ್ಯೆ, ಪ್ರತಿ ಕೋರಿಕೆಗೊಂದು ಗುರುತು ಸಂಖ್ಯೆ, ಆ ಪ್ರೋಸೆಸ್ ಇದುವರೆಗೆ ನಿಭಾಯಿಸಿದ ಕೋರಿಕೆಗಳ ಎಣಿಕೆ, ಇಷ್ಟನ್ನು ಬರೆಸಬೇಕು. ನಡೆಯುತ್ತಿರುವ ತಾಣವನ್ನು ನಿಲ್ಲಿಸಲಾಗದಿರುವಾಗ ಇದೊಂದೇ ಸಾಕ್ಷಿ. ಸಾಲುಗಳನ್ನು ಪ್ರೋಸೆಸ್ ಸಂಖ್ಯೆಯ ಪ್ರಕಾರ ಬೇರ್ಪಡಿಸಿ ಓದಿದಾಗ, ತಪ್ಪು ಮೌಲ್ಯ ಅದೇ ಪ್ರೋಸೆಸ್‌ನ ಯಾವ ಹಿಂದಿನ ಕೋರಿಕೆಯಿಂದ ಬಂತೆಂಬುದು ಸ್ಪಷ್ಟವಾಗುತ್ತದೆ. ಲಾಗಿನಲ್ಲಿ ಬಳಕೆದಾರರ ಖಾಸಗಿ ವಿವರಗಳನ್ನೇ ಬರೆಯದೆ, ಅವುಗಳ ಹ್ಯಾಶ್ ಬರೆಯುವುದು ಒಳ್ಳೆಯದು.

ನಾಲ್ಕನೆಯದು ಎಚ್ಚರಿಕೆಯ ಸಂದೇಶಗಳು. ಮೇಲೆ ಹೇಳಿದ ಒಳಸಬ್‌ರೂಟೀನ್ ದೋಷವನ್ನು ಪರ್ಲ್ ತಾನೇ ಗುರುತಿಸಿ, ವೇರಿಯಬಲ್ ಹಂಚಿಕೆಯಲ್ಲಿ ಉಳಿಯುವುದಿಲ್ಲ ಎಂಬ ಅರ್ಥದ ಎಚ್ಚರಿಕೆಯನ್ನು ಸಾಲಿನ ಸಂಖ್ಯೆಯೊಂದಿಗೆ ಎರರ್ ಲಾಗಿನಲ್ಲಿ ಬರೆಯುತ್ತದೆ. ವಾರ್ನಿಂಗ್ಸ್ ಚಾಲೂ ಇದ್ದರೆ ಮಾತ್ರ ಅದು ಬರುತ್ತದೆ. ಬರುವುದೂ ಕಂಪೈಲ್ ಆಗುವಾಗ ಒಮ್ಮೆ ಮಾತ್ರ. ಕಮಾಂಡ್ ಲೈನಿನಲ್ಲಿ ಸ್ಕ್ರಿಪ್ಟನ್ನು ಪರೀಕ್ಷಿಸಿದರೆ ಕಾಣುವುದೇ ಇಲ್ಲ, ಏಕೆಂದರೆ ಅಲ್ಲಿ ಹ್ಯಾಂಡ್ಲರಿನ ಸುತ್ತುಗೋಡೆ ಇರುವುದಿಲ್ಲ. ಹೀಗಾಗಿ ಸರ್ವರ್ ಪ್ರಾರಂಭವಾಗಿ ಸ್ಕ್ರಿಪ್ಟ್ ಮೊದಲ ಸಲ ಕಂಪೈಲ್ ಆದ ಹೊತ್ತಿನ ಲಾಗನ್ನು ಮೊದಲು ಓದಬೇಕು.

ಐದನೆಯದು ವಿಳಾಸದ ಪರೀಕ್ಷೆ. ಒಂದೇ ಹೆಸರಿನ ವೇರಿಯಬಲ್ಲಿಗೆ ಹ್ಯಾಂಡ್ಲರಿನಲ್ಲೂ ಒಳಸಬ್‌ರೂಟೀನಿನಲ್ಲೂ ರೆಫರೆನ್ಸ್ ತೆಗೆದು ಮೆಮೊರಿ ವಿಳಾಸ ಮುದ್ರಿಸಬೇಕು. ಮೊದಲ ಕೋರಿಕೆಯಲ್ಲಿ ಎರಡೂ ಒಂದಾಗಿದ್ದು ಎರಡನೆಯದರಲ್ಲಿ ಬೇರೆಯಾದರೆ ಊಹೆಗೆ ಜಾಗ ಉಳಿಯುವುದಿಲ್ಲ. ಪೈಥಾನ್‌ನಲ್ಲಿ ‘ಐಡಿ’ ಫಂಕ್ಷನ್ ಇದೇ ಕೆಲಸಕ್ಕೆ ಒದಗುತ್ತದೆ. ಅಲ್ಲಿ ಎರಡು ಕೋರಿಕೆಗಳಿಗೆ ಒಂದೇ ಆಬ್ಜೆಕ್ಟ್ ಸಿಗುತ್ತಿದೆಯೇ ಎಂದು ನೋಡಬೇಕು.

ಇತರ ಭಾಷೆಗಳಲ್ಲಿ

ಪಿಎಚ್‌ಪಿ ಈ ವಿಷಯದಲ್ಲಿ ಬಹುಕಾಲ ಸುರಕ್ಷಿತವಾಗಿತ್ತು. ಪಿಎಚ್‌ಪಿ-ಎಫ್‌ಪಿಎಂನಲ್ಲಿ ಪ್ರೋಸೆಸ್ ಬದುಕಿದ್ದರೂ ಪ್ರತಿ ಕೋರಿಕೆಯ ಕೊನೆಗೆ ಎಂಜಿನ್ ಸ್ಕ್ರಿಪ್ಟಿನ ವೇರಿಯಬಲ್‌ಗಳನ್ನೆಲ್ಲ ಅಳಿಸುತ್ತದೆ. ಡೇಟಾಬೇಸಿನ ನಿರಂತರ ಸಂಪರ್ಕಗಳು ಮಾತ್ರ ಹೊರತು. ಮುಗಿಸದ ಟ್ರಾನ್ಸಾಕ್ಷನ್, ಸೆಷನ್ ವೇರಿಯಬಲ್, ತಾತ್ಕಾಲಿಕ ಟೇಬಲ್ ಅವುಗಳ ಜೊತೆ ಮುಂದಿನ ಕೋರಿಕೆಗೆ ದಾಟಬಲ್ಲವು. ಸ್ವೂಲ್, ರೋಡ್‌ರನ್ನರ್, ಲಾರಾವೆಲ್ ಆಕ್ಟೇನ್ ಮುಂತಾದವು ಪಿಎಚ್‌ಪಿ ಅಪ್ಲಿಕೇಷನ್ನನ್ನು ಮೆಮೊರಿಯಲ್ಲೇ ಇಟ್ಟು ಓಡಿಸುವುದರಿಂದ, ಸ್ಟ್ಯಾಟಿಕ್ ಪ್ರಾಪರ್ಟಿ ಮತ್ತು ಸಿಂಗಲ್‌ಟನ್‌ಗಳ ಮೂಲಕ ಹಳೆಯ ಕೋರಿಕೆ ಉಳಿಯುವ ಸಾಧ್ಯತೆ ಅಲ್ಲಿಗೂ ಬಂದಿದೆ.

ಜಾವಾ ಸರ್ವ್‌ಲೆಟ್‌ನಲ್ಲಿ ಒಂದೇ ಆಬ್ಜೆಕ್ಟನ್ನು ಹಲವು ಥ್ರೆಡ್‌ಗಳು ಏಕಕಾಲಕ್ಕೆ ಬಳಸುತ್ತವೆ. ಕೋರಿಕೆಯ ಮೌಲ್ಯವನ್ನು ಅದರ ಇನ್‌ಸ್ಟನ್ಸ್ ಫೀಲ್ಡಿನಲ್ಲಿ ಇಟ್ಟರೆ ಹಿಂದಿನವರದಷ್ಟೇ ಅಲ್ಲ, ಅದೇ ಕ್ಷಣದಲ್ಲಿ ಪಕ್ಕದಲ್ಲಿ ನಡೆಯುತ್ತಿರುವವರ ಮೌಲ್ಯವೂ ನುಗ್ಗಬಹುದು. ಇದಕ್ಕೆ ಪರಿಹಾರವೆಂದು ತಂದಿದ್ದ ‘ಸಿಂಗಲ್ ಥ್ರೆಡ್ ಮಾಡೆಲ್’ ನಿಜವಾದ ರಕ್ಷಣೆ ಕೊಡದ ಕಾರಣ ಸರ್ವ್‌ಲೆಟ್ 2.4ರಲ್ಲಿ ಬಳಕೆಗೆ ಯೋಗ್ಯವಲ್ಲವೆಂದು ಗುರುತಿಸಲ್ಪಟ್ಟಿತು. ಥ್ರೆಡ್-ಲೋಕಲ್ ವೇರಿಯಬಲ್‌ಗಳಲ್ಲೂ ಅಪಾಯ ಉಂಟು. ಥ್ರೆಡ್‌ಗಳು ಪೂಲಿಗೆ ಮರಳಿ ಮತ್ತೆ ಬಳಕೆಯಾಗುತ್ತವೆ, ಅಳಿಸದ ಮೌಲ್ಯ ಅವುಗಳೊಂದಿಗೇ ಸಾಗುತ್ತದೆ.

ಪೈಥಾನ್‌ನಲ್ಲಿ ಮಾಡ್ಯೂಲ್ ಮಟ್ಟದ ಡಿಕ್ಷನರಿ, ಕ್ಲಾಸಿನ ಆಟ್ರಿಬ್ಯೂಟ್, ಫಂಕ್ಷನ್ನಿನ ಡೀಫಾಲ್ಟ್ ಆರ್ಗ್ಯುಮೆಂಟ್ ಆಗಿ ಬರೆದ ಖಾಲಿ ಲಿಸ್ಟ್, ಈ ಮೂರೂ ಪ್ರೋಸೆಸ್‌ನಷ್ಟು ಕಾಲ ಬಾಳುತ್ತವೆ. ರೂಬಿಯಲ್ಲಿ ಕ್ಲಾಸ್ ಮಟ್ಟದಲ್ಲಿ ಒಮ್ಮೆ ಲೆಕ್ಕಹಾಕಿ ಇಟ್ಟುಕೊಳ್ಳುವ ಅಭ್ಯಾಸ ಇದೇ ಫಲ ಕೊಡುತ್ತದೆ. ನೋಡ್‌ಜೆಎಸ್‌ನಲ್ಲಿ ಒಂದೇ ಥ್ರೆಡ್ ಇದ್ದರೂ, ಡೇಟಾಬೇಸಿನ ಉತ್ತರಕ್ಕೆ ಕಾಯುವ ನಡುವೆ ಬೇರೆ ಕೋರಿಕೆ ಓಡುತ್ತದೆ. ಕಾಯುವ ಮೊದಲು ಮಾಡ್ಯೂಲ್ ವೇರಿಯಬಲ್ಲಿನಲ್ಲಿ ಇಟ್ಟ ಹೆಸರು ಕಾದು ಮುಗಿಯುವಷ್ಟರಲ್ಲಿ ಬೇರೊಬ್ಬರದಾಗಿರಬಹುದು. ಇಂತಹ ಕಡೆ ಕೋರಿಕೆಯ ಸಂದರ್ಭವನ್ನು ಕ್ಷೇಮವಾಗಿ ಸಾಗಿಸಲು ಪೈಥಾನ್ 3.7ರಲ್ಲಿ (2018) ಕಾಂಟೆಕ್ಸ್ಟ್‌ವಾರ್ಸ್, ನೋಡ್‌ಜೆಎಸ್‌ನಲ್ಲಿ 2020ರಲ್ಲಿ ಅಸಿಂಕ್-ಲೋಕಲ್-ಸ್ಟೋರೇಜ್, ರೈಲ್ಸ್ 5.2ರಲ್ಲಿ ಕರೆಂಟ್-ಆಟ್ರಿಬ್ಯೂಟ್ಸ್ ಸೇರಿದವು.

ದಾಖಲಾದ ಪ್ರಕರಣಗಳು

2021ರ ಮಾರ್ಚ್ 2ರಂದು ಗಿಟ್‌ಹಬ್ ಬಳಕೆದಾರರೊಬ್ಬರು, ತಮ್ಮ ಖಾತೆಯಲ್ಲಿದ್ದಾಗ ತಟ್ಟನೆ ಬೇರೊಬ್ಬರ ಖಾತೆಗೆ ಪ್ರವೇಶ ಸಿಕ್ಕಿತೆಂದು ವರದಿ ಮಾಡಿದರು. ಸಂಸ್ಥೆ ಪ್ರಕಟಿಸಿದ ತನಿಖೆಯ ಪ್ರಕಾರ, ಅದರ ರೂಬಿ ಸರ್ವರ್ ಯೂನಿಕಾರ್ನ್ ಕೋರಿಕೆಯ ವಿವರಗಳನ್ನಿಡುವ ಹ್ಯಾಶ್ ಆಬ್ಜೆಕ್ಟನ್ನು ಪ್ರತಿ ಸಲ ಹೊಸದಾಗಿ ಸೃಷ್ಟಿಸದೆ, ಇದ್ದುದನ್ನೇ ಖಾಲಿ ಮಾಡಿ ಮರುಬಳಸುತ್ತಿತ್ತು. ವೇಗಕ್ಕೆಂದು ಆಗಷ್ಟೇ ಸೇರಿಸಿದ್ದ ಒಂದು ಹಿನ್ನೆಲೆ ಥ್ರೆಡ್, ತನ್ನ ಕೋರಿಕೆ ಮುಗಿದ ಮೇಲೂ ಆ ಹ್ಯಾಶ್ ಅನ್ನು ಹಿಡಿದುಕೊಂಡಿತ್ತು. ಅಷ್ಟರಲ್ಲಿ ಅದರೊಳಗೆ ಮುಂದಿನವರ ವಿವರ ತುಂಬಿರುತ್ತಿತ್ತು. ಎರಡು ಕೋರಿಕೆಗಳ ಕುಕೀ ಬೆರೆತು ಸೆಷನ್ ತಪ್ಪು ಬ್ರೌಸರ್‌ಗೆ ಹೋಗುತ್ತಿತ್ತು. ಶೇಕಡಾ 0.001ಕ್ಕಿಂತ ಕಡಿಮೆ ಸೆಷನ್‌ಗಳಲ್ಲಿ ಇದು ನಡೆದಿತ್ತಾದರೂ ಮಾರ್ಚ್ 8ರಂದು ಸಂಸ್ಥೆ ಎಲ್ಲ ಬಳಕೆದಾರರನ್ನೂ ಲಾಗ್‌ಔಟ್ ಮಾಡಿಸಿತು. ಪ್ರತ್ಯೇಕವಾಗಿ ನೋಡಿದರೆ ಹ್ಯಾಶ್‌ನ ಮರುಬಳಕೆಯೂ ಹಿನ್ನೆಲೆ ಥ್ರೆಡ್ಡೂ ಸಮರ್ಥನೀಯ ನಿರ್ಧಾರಗಳೇ. ಎರಡೂ ಸೇರಿದ ಕಡೆ ಕೋರಿಕೆಯ ಆಯುಷ್ಯದ ಗಡಿ ಅಳಿಸಿಹೋಯಿತು.

2023ರ ಮಾರ್ಚ್ 20ರಂದು ಚಾಟ್‌ಜಿಪಿಟಿಯ ಕೆಲವು ಬಳಕೆದಾರರಿಗೆ ಇತರರ ಸಂಭಾಷಣೆಗಳ ಶೀರ್ಷಿಕೆಗಳು ಕಂಡವು. ರೆಡಿಸ್ ಡೇಟಾಬೇಸಿನ ಪೈಥಾನ್ ಲೈಬ್ರರಿಯಲ್ಲಿ, ಕಳುಹಿಸಿದ ಪ್ರಶ್ನೆಯನ್ನು ನಡುವೆ ರದ್ದು ಮಾಡಿದರೆ ಅದರ ಉತ್ತರ ಸಂಪರ್ಕದಲ್ಲೇ ಉಳಿದು, ಪೂಲಿನಿಂದ ಆ ಸಂಪರ್ಕ ಪಡೆದ ಮುಂದಿನ ಕೋರಿಕೆಗೆ ಸಿಗುತ್ತಿತ್ತು. ಒಂಬತ್ತು ಗಂಟೆಗಳ ಒಂದು ಅವಧಿಯಲ್ಲಿ ಸಕ್ರಿಯರಾಗಿದ್ದ ಪ್ಲಸ್ ಚಂದಾದಾರರಲ್ಲಿ ಶೇಕಡಾ 1.2ರಷ್ಟು ಜನರ ಪಾವತಿ ಸಂಬಂಧಿತ ವಿವರಗಳು ಬೇರೆಯವರಿಗೆ ಕಂಡಿರಬಹುದೆಂದು ಓಪನ್‌ಎಐ ತಿಳಿಸಿತು. ಸ್ಕ್ರಿಪ್ಟಿನ ವೇರಿಯಬಲ್‌ಗಳೆಲ್ಲ ಶುಚಿಯಾಗಿದ್ದರೂ, ಅವು ನೆಚ್ಚಿಕೊಂಡ ಸಂಪರ್ಕದಲ್ಲಿ ಹಳೆಯದು ಉಳಿಯಬಹುದೆಂಬುದಕ್ಕೆ ಇದು ನಿದರ್ಶನ.

ಪರಿಹಾರ

ಮೂಲ ಪರಿಹಾರ ಒಂದೇ: ಕೋರಿಕೆಯ ಮೌಲ್ಯವನ್ನು ಆರ್ಗ್ಯುಮೆಂಟ್ ಆಗಿ ಕೈಯಿಂದ ಕೈಗೆ ದಾಟಿಸುವುದು. ‘ತೋರಿಸು’ ಸಬ್‌ರೂಟೀನ್ ನೋಂದಣಿ ಸಂಖ್ಯೆಯನ್ನು ಹೊರಗಿನಿಂದ ಕದ್ದು ಓದದೆ ಕೇಳಿ ಪಡೆದರೆ ದೋಷ ಅಲ್ಲಿಗೇ ಮುಗಿಯುತ್ತದೆ. ದೊಡ್ಡ ಸ್ಕ್ರಿಪ್ಟ್‌ಗಳಲ್ಲಿ ಸಬ್‌ರೂಟೀನ್‌ಗಳನ್ನು ಪ್ರತ್ಯೇಕ ಮಾಡ್ಯೂಲಿಗೆ ಸಾಗಿಸಿ, ಸ್ಕ್ರಿಪ್ಟಿನಲ್ಲಿ ಕರೆಯುವ ಒಂದೆರಡು ಸಾಲು ಮಾತ್ರ ಉಳಿಸುವುದು ಮಾಡ್‌ಪರ್ಲ್ ಬಳಕೆದಾರರಲ್ಲಿ ನೆಲೆಗೊಂಡ ಪದ್ಧತಿ. ವೇರಿಯಬಲನ್ನು ‘ಮೈ’ ಬದಲು ‘ಅವರ್’ ಎಂದು ಘೋಷಿಸಿದರೆ ಎಚ್ಚರಿಕೆಯ ಸಂದೇಶ ಮಾಯವಾಗುತ್ತದೆ. ಆದರೆ ವೇರಿಯಬಲ್ ಈಗ ಗ್ಲೋಬಲ್ ಆಗಿರುವುದರಿಂದ, ಪ್ರತಿ ಕೋರಿಕೆಯ ಆರಂಭದಲ್ಲಿ ಷರತ್ತಿಲ್ಲದೆ ಅದಕ್ಕೆ ಮೌಲ್ಯ ಕೊಡದಿದ್ದರೆ ಅಪಾಯ ವೇಷ ಬದಲಿಸಿ ಹಾಗೆಯೇ ಉಳಿಯುತ್ತದೆ.

ಗ್ಲೋಬಲ್, ಥ್ರೆಡ್-ಲೋಕಲ್ ಇಲ್ಲವೇ ಸಂಪರ್ಕದ ಸ್ಥಿತಿಯನ್ನು ಬಳಸಲೇಬೇಕಾದಲ್ಲಿ ಶುಚಿಗೊಳಿಸುವ ಕೋಡ್ ಕೋರಿಕೆ ಹೇಗೆ ಮುಗಿದರೂ ಓಡಬೇಕು. ಎಕ್ಸೆಪ್ಶನ್ ಎದ್ದಾಗ, ಟೈಮ್‌ಔಟ್ ಆದಾಗ, ಬಳಕೆದಾರರು ಬ್ರೌಸರ್ ಮುಚ್ಚಿದಾಗಲೂ ಅದು ನಡೆಯುವಂತೆ ‘ಫೈನಲಿ’ ಬ್ಲಾಕ್ ಅಥವಾ ಕ್ಲೀನಪ್ ಹ್ಯಾಂಡ್ಲರಿನಲ್ಲಿ ಇಡಬೇಕು. ಪರ್ಲ್‌ನ ‘ಲೋಕಲ್’ ಕೀವರ್ಡ್ ಬ್ಲಾಕ್ ಮುಗಿದೊಡನೆ ಹಳೆಯ ಮೌಲ್ಯವನ್ನು ತಾನೇ ಮರಳಿಸುತ್ತದೆ. ತಿದ್ದಲು ಸಮಯವಿಲ್ಲದ ಹಳೆಯ ಸ್ಕ್ರಿಪ್ಟ್‌ಗಳಿಗೆ, ಪ್ರತಿ ಸಲವೂ ಹೊಸದಾಗಿ ಕಂಪೈಲ್ ಮಾಡುವ ‘ಪರ್ಲ್‌ರನ್’ ಹ್ಯಾಂಡ್ಲರ್ ಇದೆ; ವೇಗದ ಲಾಭ ಸ್ವಲ್ಪ ತಗ್ಗಿದರೂ ಬಳಕೆದಾರರ ಮಾಹಿತಿ ಕ್ಷೇಮ. ಇಂತಿಷ್ಟು ಕೋರಿಕೆಗಳಾದ ಮೇಲೆ ಪ್ರೋಸೆಸ್‌ಗಳನ್ನು ಕೊನೆಗೊಳಿಸುವ ಅಪಾಚೆಯ ಸೆಟ್ಟಿಂಗನ್ನು ಈ ದೋಷಕ್ಕೆ ಮದ್ದೆಂದು ಬಳಸಬಾರದು. ಅದು ಸೋರಿಕೆಯನ್ನು ವಿರಳಗೊಳಿಸಿ ಪತ್ತೆಯನ್ನು ಇನ್ನಷ್ಟು ಕಷ್ಟವಾಗಿಸುತ್ತದೆ.

ಪರೀಕ್ಷೆ ಮತ್ತು ಹೊಣೆ

ಸಾಮಾನ್ಯ ಟೆಸ್ಟ್‌ಗಳು ಈ ದೋಷವನ್ನು ಹಿಡಿಯುವುದು ಅಪರೂಪ, ಏಕೆಂದರೆ ಅವು ಹೆಚ್ಚಾಗಿ ಪ್ರತಿ ಪರೀಕ್ಷೆಗೂ ಅಪ್ಲಿಕೇಷನ್ನನ್ನು ಹೊಸದಾಗಿ ಕಟ್ಟುತ್ತವೆ. ಒಂದೇ ಪ್ರೋಸೆಸ್‌ಗೆ ಇಬ್ಬರು ಬಳಕೆದಾರರ ಕೋರಿಕೆಗಳನ್ನು ಬೆನ್ನುಬೆನ್ನಿಗೆ ಕಳುಹಿಸುವ, ಅವುಗಳ ನಡುವೆ ಬೇಕೆಂದೇ ಒಂದು ಎರರ್ ಎಬ್ಬಿಸುವ, ಮತ್ತು ಹಲವು ಕೋರಿಕೆಗಳನ್ನು ಏಕಕಾಲಕ್ಕೆ ಹರಿಸುವ ಪರೀಕ್ಷೆಗಳನ್ನು ಪ್ರತ್ಯೇಕವಾಗಿ ಬರೆಯಬೇಕು. ಒಬ್ಬರ ದತ್ತಾಂಶ ತಪ್ಪು ಸೆಷನ್‌ಗೆ ತೆರೆದುಕೊಳ್ಳುವುದನ್ನು ಸಾಫ್ಟ್‌ವೇರ್ ದೌರ್ಬಲ್ಯಗಳ ಸಿಡಬ್ಲ್ಯುಇ ಪಟ್ಟಿ 488ನೇ ಸಂಖ್ಯೆಯಡಿ ಗುರುತಿಸಿದೆ. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಇಂತಹ ಸೋರಿಕೆಯನ್ನು ದತ್ತಾಂಶ ಸಂರಕ್ಷಣಾ ಮಂಡಳಿಗೆ ಮತ್ತು ಬಾಧಿತ ವ್ಯಕ್ತಿಗಳಿಗೆ ತಿಳಿಸುವ ಹೊಣೆಯನ್ನು ದತ್ತಾಂಶ ನಿರ್ವಹಿಸುವವರ ಮೇಲೆ ಹೊರಿಸುತ್ತದೆ.

ಕೋಡ್ ಪರಿಶೀಲಿಸುವಾಗ ಕೋರಿಕೆಗಿಂತ ಹೆಚ್ಚು ಕಾಲ ಬದುಕುವ ಎಲ್ಲವನ್ನೂ, ಅಂದರೆ ಗ್ಲೋಬಲ್, ಸ್ಟ್ಯಾಟಿಕ್, ಕ್ಲೋಶರ್, ಸಿಂಗಲ್‌ಟನ್, ಪೂಲ್, ಥ್ರೆಡ್-ಲೋಕಲ್‌ಗಳನ್ನು ಪಟ್ಟಿ ಮಾಡಿ, ಅವುಗಳಲ್ಲಿ ಯಾವುದಾದರೂ ಒಬ್ಬ ಬಳಕೆದಾರರಿಗೆ ಸೇರಿದ ವಿಷಯವನ್ನು ಹಿಡಿದಿದೆಯೇ ಎಂದು ಕೇಳುವುದು ಅತ್ಯಂತ ಫಲದಾಯಕ ಅಭ್ಯಾಸ. ಈ ಅಭ್ಯಾಸದ ಅಗತ್ಯ ಮಾಡ್‌ಪರ್ಲ್ ಕಾಲದೊಂದಿಗೆ ಮುಗಿದಿಲ್ಲ. ‘ಸರ್ವರ್‌ಲೆಸ್’ ಎನಿಸಿಕೊಂಡ ಎಡಬ್ಲ್ಯುಎಸ್ ಲ್ಯಾಂಬ್ಡಾ ಕೂಡ ಒಮ್ಮೆ ಸಿದ್ಧಪಡಿಸಿದ ಪರಿಸರವನ್ನು ಮುಂದಿನ ಕೋರಿಕೆಗಳಿಗೆ ಮರುಬಳಸುತ್ತದೆ, ಫಂಕ್ಷನ್ನಿನ ಹೊರಗಿನ ವೇರಿಯಬಲ್‌ಗಳು ಅಲ್ಲಿಯೂ ಉಳಿಯುತ್ತವೆ. ವೇಗಕ್ಕಾಗಿ ಪ್ರೋಸೆಸ್‌ಗಳನ್ನು ಬದುಕಿಸಿಡುವವರೆಗೂ, ಪ್ರತಿ ಕೋರಿಕೆಯ ಕೊನೆಗೆ ಒರೆಸುವ ಕೆಲಸ ಆಪರೇಟಿಂಗ್ ಸಿಸ್ಟಮ್‌ನದಲ್ಲ, ಕೋಡ್ ಬರೆಯುವವರದು.